ಮುಟ್ಟು ನಿಲ್ಲುವ ಮುಂಚಿನ ವರ್ಷಗಳು: ಲಕ್ಷಣ ಗುರುತಿಸಿ, ಡಾಕ್ಟರಿಗೆ ಬಿಡಿಸಿ ಹೇಳಿ



ಈ ಪುಟದಲ್ಲಿ ನೀವು ಸಾಮಾನ್ಯವಾಗಿ ಕೆಚ್ಚಲು ಬಾವು, ಕಾಲುಬಾಯಿ ಬೇನೆ, ಬೆದೆ, ಖನಿಜ ಮಿಶ್ರಣ ಇವುಗಳ ಬಗ್ಗೆ ಓದುತ್ತೀರಿ. ಈ ಸಲದ ಪಾಠ ಆಕಳು-ಎಮ್ಮೆಗಳದ್ದಲ್ಲ, ಅವುಗಳನ್ನು ಸಾಕುವ ನಿಮ್ಮದು. ನಾನು ದನದ ಡಾಕ್ಟರ್. ನಿಮಗೆ ಔಷಧ ಬರೆದುಕೊಡುವ ಅಧಿಕಾರ ನನಗಿಲ್ಲ, ಬರೆಯುವುದೂ ಇಲ್ಲ. ಆದರೆ ರೋಣ, ಗಜೇಂದ್ರಗಡ, ನರಗುಂದ ಭಾಗದ ಹಳ್ಳಿಗಳಲ್ಲಿ ಆಕಳಿಗೆ ಸೂಜಿ ಹಾಕಿ ಕೈ ತೊಳೆಯುವಾಗ, ಗಂಡಸರು ಆಚೆ ಹೋದ ಮೇಲೆ, ಅಕ್ಕಂದಿರು ಮೆಲ್ಲಗೆ ಕೇಳುವ ಪ್ರಶ್ನೆಗಳು ಬಹುತೇಕ ಒಂದೇ ತರಹ ಇರುತ್ತವೆ. "ಮುಟ್ಟು ಹಿಂದ ಮುಂದ ಆಗಾಕತ್ತೈತ್ರಿ." "ರಾತ್ರಿ ಮೈಯೆಲ್ಲಾ ಕುದಿ ಕುದಿ, ನಿದ್ದಿ ಇಲ್ರಿ." "ದವಾಖಾನಿಗೆ ಹೋದ್ರ ವಯಸ್ಸಾತು ಅಂದು ಕಳಿಸ್ತಾರ, ಇಲ್ಲಾ ಚೀಲ ತೆಗಸ್ರಿ ಅಂತಾರ."

ಈ ಎರಡು ಉತ್ತರಗಳ ನಡುವೆ ಮೂರನೆಯ ದಾರಿ ಇದೆ. ಆ ದಾರಿಗೆ ನೀವು ಡಾಕ್ಟರ ಮುಂದೆ ಏನು ಹೇಳುತ್ತೀರಿ, ಹೇಗೆ ಹೇಳುತ್ತೀರಿ ಎಂಬುದು ಬಹಳ ಮುಖ್ಯ.

ಏನಿದು ಈ ಕಾಲ?

ಮುಟ್ಟು ಒಂದು ದಿನ ದಿಢೀರನೆ ನಿಲ್ಲುವುದಿಲ್ಲ. ಗರ್ಭಚೀಲದ ಎರಡೂ ಪಕ್ಕದಲ್ಲಿ ಅಂಡಾಶಯಗಳಿವೆ. ವಯಸ್ಸು ನಲವತ್ತು ದಾಟಿದಂತೆ ಅವುಗಳಲ್ಲಿ ಮೊಟ್ಟೆಗಳು ಕಡಿಮೆಯಾಗುತ್ತವೆ. ಅಲ್ಲಿಂದ ಬರುವ ಹಾರ್ಮೋನುಗಳು ಒಂದು ತಿಂಗಳು ಹೆಚ್ಚು, ಇನ್ನೊಂದು ತಿಂಗಳು ಕಡಿಮೆ ಆಗತೊಡಗುತ್ತವೆ. ಈ ಏರುಪೇರಿನ ವರ್ಷಗಳಿಗೆ ಡಾಕ್ಟರರು ಪೆರಿಮೆನೋಪಾಸ್ ಎನ್ನುತ್ತಾರೆ. ನಮ್ಮ ಮಾತಿನಲ್ಲಿ, ಮುಟ್ಟು ನಿಲ್ಲುವ ಮುಂಚಿನ ಕಾಲ. ಕೆಲವರಿಗೆ ಇದು ಒಂದೆರಡು ವರ್ಷ, ಕೆಲವರಿಗೆ ಏಳೆಂಟು ವರ್ಷ.

ಸತತ 12 ತಿಂಗಳು ಒಮ್ಮೆಯೂ ಮುಟ್ಟು ಆಗದಿದ್ದರೆ ಮಾತ್ರ ಋತುಬಂಧ ಆಯಿತು ಎಂದು ಲೆಕ್ಕ. ನಮ್ಮ ದೇಶದ ಹೆಣ್ಣುಮಕ್ಕಳಿಗೆ ಇದು ಸರಾಸರಿ 46–47ನೇ ವಯಸ್ಸಿಗೆ ಆಗುತ್ತದೆ. 40 ತುಂಬುವ ಮೊದಲೇ ಮುಟ್ಟು ನಿಂತರೆ ಅದು ಸಹಜವಲ್ಲ, ತೋರಿಸಲೇಬೇಕು. ಹಾಗೆಯೇ 32–35 ವಯಸ್ಸಿನವರಿಗೆ ರಕ್ತ ಹೆಚ್ಚು ಹೋದರೆ, "ಮುಟ್ಟು ನಿಲ್ಲುವ ಕಾಲ ಬಂತು" ಎಂದು ಕೈಬಿಡಬಾರದು. ಬೇರೆ ಕಾರಣ ಇರುವ ಸಾಧ್ಯತೆಯೇ ಹೆಚ್ಚು.

ಒಂದು ಮಾತು ಪಶುವೈದ್ಯೆಯಾಗಿ ಹೇಳುತ್ತೇನೆ. ಆಕಳಿಗೆ ಮುಟ್ಟೂ ಇಲ್ಲ, ಋತುಬಂಧವೂ ಇಲ್ಲ. ಬೆದೆ ಮುಗಿದ ಒಂದೆರಡು ದಿನಕ್ಕೆ ಬಾಲದ ಹತ್ತಿರ ಕಾಣುವ ರಕ್ತ ಮುಟ್ಟಲ್ಲ. ಗಬ್ಬ ನಿಲ್ಲದಿದ್ದರೆ ಸುಮಾರು 21 ದಿನಕ್ಕೊಮ್ಮೆ ಆಕಳು ಬೆದೆಗೆ ಬರುತ್ತಲೇ ಇರುತ್ತದೆ, ವಯಸ್ಸಾದರೂ. ಪ್ರಾಣಿಗಳಲ್ಲಿ ಮನುಷ್ಯರಿಗೆ ಮತ್ತು ಕೆಲವು ಜಾತಿಯ ತಿಮಿಂಗಿಲಗಳಿಗೆ ಮಾತ್ರ ಋತುಬಂಧದ ನಂತರವೂ ದೀರ್ಘ ಆಯುಷ್ಯ ಇರುವುದು ಚೆನ್ನಾಗಿ ತಿಳಿದ ಸಂಗತಿ. ಆದ್ದರಿಂದ ಮುಟ್ಟು ನಿಂತ ಹೆಣ್ಣುಮಗಳನ್ನು ಗೊಡ್ಡು ಆಕಳಿಗೆ ಹೋಲಿಸುವ ಮಾತು ಅವಮಾನದ್ದಷ್ಟೇ ಅಲ್ಲ, ವಿಜ್ಞಾನಕ್ಕೂ ಸುಳ್ಳು. ಗೊಡ್ಡುತನ ರೋಗ. ಮುಟ್ಟು ನಿಲ್ಲುವುದು ರೋಗವಲ್ಲ. ಆದರೆ ನಿಲ್ಲುವ ಮುಂಚೆ ಬರುವ ತ್ರಾಸಿಗೆ ಚಿಕಿತ್ಸೆ ಇದೆ.

ಲಕ್ಷಣಗಳು: ಹೀಗೆ ಗುರುತಿಸಿ

ಎಲ್ಲರಿಗೂ ಎಲ್ಲ ಲಕ್ಷಣಗಳೂ ಬರುವುದಿಲ್ಲ. ಕೆಲವರಿಗೆ ಏನೂ ಗೊತ್ತಾಗದೆ ಈ ಕಾಲ ಕಳೆದುಹೋಗುತ್ತದೆ.

1. ಮುಟ್ಟಿನ ಲೆಕ್ಕ ತಪ್ಪುವುದು. ಒಮ್ಮೆ 20 ದಿನಕ್ಕೆ, ಒಮ್ಮೆ ಎರಡು ತಿಂಗಳಿಗೆ. ಒಂದು ಸಲ ಎರಡೇ ದಿನ, ಇನ್ನೊಂದು ಸಲ ಎಂಟು ಹತ್ತು ದಿನ. ಎಲ್ಲಕ್ಕಿಂತ ಮೊದಲು ಕಾಣುವ ಲಕ್ಷಣ ಸಾಮಾನ್ಯವಾಗಿ ಇದೇ.

2. ಝಳ. ಒಲೆಯ ಮುಂದೆ ಕುಳಿತಂತೆ ಎದೆ, ಕುತ್ತಿಗೆ, ಮುಖಕ್ಕೆ ಒಮ್ಮೆಲೇ ಬಿಸಿ ಏರುತ್ತದೆ. ಬೆವರು ಬಂದು, ಕೆಲವು ನಿಮಿಷಗಳಲ್ಲಿ ಇಳಿದು, ಮೈ ತಣ್ಣಗಾಗುತ್ತದೆ. ನಮ್ಮ ಬಯಲುಸೀಮೆಯ ಬಿಸಿಲಿನಲ್ಲಿ ಇದನ್ನು "ಬ್ಯಾಸಗಿ ಕುದಿ" ಎಂದು ತಳ್ಳಿಹಾಕುವವರೇ ಹೆಚ್ಚು. ಚಳಿಗಾಲದ ಬೆಳಗಿನ ಜಾವ ಹಾಲು ಹಿಂಡುವಾಗಲೂ ಹೀಗಾದರೆ ಅದು ಬೇಸಿಗೆಯದ್ದಲ್ಲ.

3. ನಿದ್ದೆಗೇಡು. ರಾತ್ರಿ ಬೆವರಿ ಎಚ್ಚರವಾಗುವುದು, ಮತ್ತೆ ನಿದ್ದೆ ಬಾರದಿರುವುದು. ನಸುಕಿನಲ್ಲಿ ಎದ್ದು ಹೆಂಡಿ ಬಳಿಯಬೇಕಾದವರಿಗೆ ಇದು ದಿನವಿಡೀ ಕಾಡುತ್ತದೆ.

4. ಮನಸ್ಸಿನ ಏರುಪೇರು. ಸಣ್ಣ ಮಾತಿಗೆ ಸಿಟ್ಟು, ಕಾರಣವಿಲ್ಲದೆ ಅಳು, ಯಾವುದರಲ್ಲೂ ಮನಸ್ಸಿಲ್ಲದಿರುವುದು, ಮರೆವು. ಇದು ನಿಮ್ಮ ಸ್ವಭಾವ ಕೆಟ್ಟದ್ದಲ್ಲ. ಹಾರ್ಮೋನಿನ ಏರಿಳಿತ ಮತ್ತು ನಿದ್ದೆಗೇಡು ಸೇರಿ ಹೀಗಾಗಬಹುದು. ಬದುಕುವುದೇ ಬೇಡ ಎನ್ನುವ ವಿಚಾರ ಬಂದರೆ ಮಾತ್ರ ಒಂದು ದಿನವೂ ಕಾಯದೆ ಯಾರಿಗಾದರೂ ಹೇಳಿ, ಆಸ್ಪತ್ರೆಗೆ ಹೋಗಿ.

5. ಕೀಲು ನೋವು, ಎದೆ ಡವಡವ ಎನ್ನುವುದು, ತಲೆನೋವು.

6. ಹೇಳಿಕೊಳ್ಳಲು ನಾಚಿಕೆಪಡುವ ಲಕ್ಷಣಗಳು. ಯೋನಿ ಒಣಗಿ ಉರಿಯುವುದು, ಗಂಡನ ಜೊತೆ ಸೇರುವಾಗ ನೋವು, ಮೂತ್ರ ಉರಿ, ಕೆಮ್ಮಿದಾಗ ಅಥವಾ ಮೇವಿನ ಹೊರೆ ಎತ್ತಿದಾಗ ಮೂತ್ರ ತಪ್ಪುವುದು. ಝಳ ವರ್ಷ ಕಳೆದಂತೆ ತಾನಾಗಿ ಕಡಿಮೆಯಾಗಬಹುದು. ಈ ಒಣಗುವಿಕೆ ಮಾತ್ರ ಬಿಟ್ಟರೆ ಹೆಚ್ಚುತ್ತದೆ. ಇದಕ್ಕೆ ಹಚ್ಚುವ ಮುಲಾಮು ಇದೆ, ಕೇಳಿ ಪಡೆಯಿರಿ.

ಇನ್ನೊಂದು ಮಾತು: ಮುಟ್ಟು ತಪ್ಪುತ್ತಿದೆ ಎಂದರೆ ಗರ್ಭ ನಿಲ್ಲುವುದಿಲ್ಲ ಎಂದರ್ಥವಲ್ಲ. ಆಪರೇಷನ್ ಆಗದವರು ಈ ವಯಸ್ಸಿನಲ್ಲೂ ಬಸಿರಾಗಬಹುದು. ಎರಡು ತಿಂಗಳು ಮುಟ್ಟು ಆಗದಿದ್ದರೆ ಮೊದಲು ಮೂತ್ರ ಪರೀಕ್ಷೆ ಮಾಡಿಸಿ.

ಕಾಯಬಾರದ ಲಕ್ಷಣಗಳು

ಕೆಳಗಿನ ಯಾವುದೇ ಒಂದು ಇದ್ದರೂ "ನೋಡೋಣ" ಎನ್ನದೆ ತೋರಿಸಿ.

- ಒಂದು ವರ್ಷ ಮುಟ್ಟು ನಿಂತ ಮೇಲೆ ಮತ್ತೆ ರಕ್ತ ಕಂಡರೆ, ಒಂದು ಹನಿಯಾದರೂ ಸರಿ. "ಮುಟ್ಟು ತಿರುಗಿ ಬಂತು" ಎಂದು ಸುಮ್ಮನಿರಬೇಡಿ. ಬಹಳ ಸಲ ಕಾರಣ ಸಣ್ಣದೇ ಇರುತ್ತದೆ, ಆದರೆ ಗರ್ಭಚೀಲದ ಕ್ಯಾನ್ಸರ್ ಇಲ್ಲ ಎಂದು ಪರೀಕ್ಷೆಯಿಂದ ಖಾತ್ರಿ ಮಾಡಿಕೊಳ್ಳಲೇಬೇಕು.
- ಸೇರಿದ ನಂತರ ಅಥವಾ ಎರಡು ಮುಟ್ಟಿನ ನಡುವೆ ರಕ್ತ.
- ಗಂಟೆಗೊಂದರಂತೆ ಬಟ್ಟೆ ಅಥವಾ ಪ್ಯಾಡ್ ತೊಯ್ದು ಬದಲಿಸಬೇಕಾಗುವುದು, ಹತ್ತು ರೂಪಾಯಿ ನಾಣ್ಯಕ್ಕಿಂತ ದೊಡ್ಡ ಗಡ್ಡೆಗಳು ಬೀಳುವುದು, ಏಳು ದಿನ ದಾಟಿದರೂ ನಿಲ್ಲದಿರುವುದು.
- ವಾಸನೆಯ ಬಿಳಿಸೆರಗು, ಕಾರಣವಿಲ್ಲದೆ ತೂಕ ಇಳಿಯುವುದು, ಸ್ತನದಲ್ಲಿ ಗಂಟು.
- ನಿಂತಲ್ಲಿ ಚಕ್ಕರ್, ನಾಲ್ಕು ಹೆಜ್ಜೆಗೆ ಏದುಸಿರು, ಕಣ್ಣಿನ ಕೆಳರೆಪ್ಪೆ ಬಿಳಚುವುದು.

ಕೊನೆಯದನ್ನು ಗಮನಿಸಿ. ಎಮ್ಮೆಯ ಕಣ್ಣಿನ ರೆಪ್ಪೆ ಎಳೆದು ಬಣ್ಣ ನೋಡಿ "ರಕ್ತ ಕಡಿಮೆ ಐತಿ" ಎಂದು ನಾವು ಹೇಳುವುದನ್ನು ನೀವು ನೋಡಿದ್ದೀರಿ. ನಿಮ್ಮ ರೆಪ್ಪೆಯೂ ಅದನ್ನೇ ಹೇಳುತ್ತದೆ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ 15ರಿಂದ 49 ವಯಸ್ಸಿನ ಮಹಿಳೆಯರಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಜನರಿಗೆ ರಕ್ತಹೀನತೆ ಇದೆ. ಹೆಂಗಸರಿಗೆ ಹಿಮೋಗ್ಲೋಬಿನ್ 12 ಇರಬೇಕು. 8ಕ್ಕಿಂತ ಕೆಳಗೆ ಹೋದರೆ ಅದು ತೀವ್ರ ರಕ್ತಹೀನತೆ. ಮೊದಲೇ ರಕ್ತ ಕಡಿಮೆ ಇದ್ದವರಿಗೆ ಈ ಕಾಲದ ಹೆಚ್ಚಿನ ಮುಟ್ಟು ಇದ್ದ ರಕ್ತವನ್ನೂ ಬಸಿದುಬಿಡುತ್ತದೆ.

ದನ ಸಾಕುವವರಿಗೆ ವಿಶೇಷ ಎಚ್ಚರಿಕೆ

ರಾತ್ರಿ ಬೆವರು, ಕೀಲು ನೋವು, ಸುಸ್ತು. ಈ ಮೂರೂ ಮುಟ್ಟು ನಿಲ್ಲುವ ಕಾಲದ ಲಕ್ಷಣಗಳು. ಇವೇ ಮೂರು ಬ್ರೂಸೆಲ್ಲೋಸಿಸ್ ಎಂಬ ರೋಗದ ಲಕ್ಷಣಗಳೂ ಹೌದು. ಆಕಳು-ಎಮ್ಮೆ ಕಂದು ಹಾಕುವ ರೋಗವೇ ಇದು. ಕಂದು ಹಾಕಿದ ದನದ ಕಸ (ಮಾಸು), ಸತ್ತ ಕರು, ನೀರು ಇವನ್ನು ಬರಿಗೈಯಲ್ಲಿ ಮುಟ್ಟಿದರೆ ಕೈಯ ಗಾಯಗಳ ಮೂಲಕ ರೋಗಾಣು ನಮ್ಮ ಮೈಸೇರುತ್ತದೆ. ಕಾಯಿಸದ ಹಾಲಿನಿಂದಲೂ ಬರುತ್ತದೆ.

ಎರಡನ್ನೂ ಮನೆಯಲ್ಲೇ ಸ್ವಲ್ಪ ಮಟ್ಟಿಗೆ ಬೇರೆ ಮಾಡಿ ನೋಡಬಹುದು. ಬಿಸಿ ಎನಿಸಿದಾಗ ಥರ್ಮಾಮೀಟರ್ ಇಟ್ಟು ನೋಡಿ. ಝಳದಲ್ಲಿ ಮೈ ಉರಿದರೂ ಜ್ವರ ಇರುವುದಿಲ್ಲ, ಕೆಲವು ನಿಮಿಷಕ್ಕೆ ಇಳಿಯುತ್ತದೆ. ಬ್ರೂಸೆಲ್ಲೋಸಿಸ್‌ನಲ್ಲಿ ಜ್ವರವೇ ಬರುತ್ತದೆ, ಬಿಟ್ಟು ಬಿಟ್ಟು ವಾರಗಟ್ಟಲೆ ಕಾಡುತ್ತದೆ. ಎರಡು ವಾರ ಮೀರಿದ ಕೆಮ್ಮು, ತೂಕ ಇಳಿತ ಇದ್ದರೆ ಕ್ಷಯರೋಗದ ಪರೀಕ್ಷೆಯೂ ಬೇಕು.

ಆದ್ದರಿಂದ ಡಾಕ್ಟರಿಗೆ ಈ ಮಾತನ್ನು ತಪ್ಪದೇ ಹೇಳಿ: "ನಮ್ಮ ಮನೆಯಲ್ಲಿ ದನ ಇವೆ, ಇಂಥ ತಿಂಗಳು ಒಂದು ಕಂದು ಹಾಕಿತ್ತು, ಕಸ ನಾನೇ ತೆಗೆದೆ." ನೀವು ಹೇಳದಿದ್ದರೆ ಅವರಿಗೆ ಗೊತ್ತಾಗುವುದಿಲ್ಲ. ಒಂದು ರಕ್ತ ಪರೀಕ್ಷೆಯಿಂದ ಇದು ತಿಳಿಯುತ್ತದೆ. ಸುಮಾರು ಆರು ವಾರ ಬಿಡದೆ ಔಷಧ ತೆಗೆದುಕೊಂಡರೆ ಸಾಮಾನ್ಯವಾಗಿ ವಾಸಿಯಾಗುತ್ತದೆ. ಕಂದು ಹಾಕಿದ ದನ ಮುಟ್ಟುವಾಗ ಕೈಗವಸು ಹಾಕಿ, ಕಸವನ್ನು ಆಳವಾಗಿ ಹೂಳಿ, ನಮಗೆ ತಿಳಿಸಿ. 4ರಿಂದ 8 ತಿಂಗಳ ಹೆಣ್ಣುಗರುಗಳಿಗೆ ಲಸಿಕೆ ಹಾಕಿಸಿ.

ಚೀಲ ತೆಗೆಸುವ ಮಾತು ಬಂದಾಗ

ಮುಟ್ಟಿನ ತ್ರಾಸು ಹೇಳಿದ ಕೂಡಲೇ "ಗರ್ಭಚೀಲ ತೆಗೆಸಿಬಿಡಿ, ಹೇಗೂ ಮಕ್ಕಳಾಗಿವೆ" ಎನ್ನುವ ಸಲಹೆ ನಮ್ಮ ಭಾಗದಲ್ಲಿ ಹೊಸದಲ್ಲ. 2015ರ ಸುಮಾರಿಗೆ ಕಲಬುರಗಿ ಜಿಲ್ಲೆಯಲ್ಲಿ ಇದು ದೊಡ್ಡ ಸುದ್ದಿಯಾಯಿತು. ಅಲ್ಲಿನ ತಾಂಡಾಗಳ ಲಂಬಾಣಿ ಹೆಣ್ಣುಮಕ್ಕಳು, ದಲಿತ ಕುಟುಂಬಗಳ ಹೆಣ್ಣುಮಕ್ಕಳು ಹೊಟ್ಟೆನೋವು, ಬಿಳಿಸೆರಗು, ಹೆಚ್ಚು ಮುಟ್ಟು ಎಂದು ಹೋದಾಗ ಸರಿಯಾದ ಪರೀಕ್ಷೆ ಇಲ್ಲದೆ ಗರ್ಭಚೀಲ ತೆಗೆದ ಪ್ರಕರಣಗಳು ಬಯಲಿಗೆ ಬಂದವು. ಎಷ್ಟೋ ಜನ ಇನ್ನೂ ನಲವತ್ತು ದಾಟಿರಲಿಲ್ಲ. ಆರೋಗ್ಯ ಇಲಾಖೆಯ ಸಮಿತಿ ವಿಚಾರಣೆ ನಡೆಸಿತು. ಕರ್ನಾಟಕ ಜನಾರೋಗ್ಯ ಚಳವಳಿಯಂಥ ಸಂಘಟನೆಗಳು ಆ ಹೆಣ್ಣುಮಕ್ಕಳ ಜೊತೆ ಬೀದಿಗಿಳಿದವು. ಗಜೇಂದ್ರಗಡದ ಸುತ್ತಲಿನ ತಾಂಡಾಗಳ ನಮ್ಮ ಸದಸ್ಯೆಯರಿಗೆ ಈ ಕಥೆ ದೂರದ್ದಲ್ಲ.

ಇದು ಒಂದು ಜಿಲ್ಲೆಯ ಮಾತೂ ಅಲ್ಲ. 2015–16ರ ರಾಷ್ಟ್ರೀಯ ಸಮೀಕ್ಷೆಯಲ್ಲಿ 15ರಿಂದ 49 ವಯಸ್ಸಿನ ನೂರು ಮಹಿಳೆಯರಲ್ಲಿ ಸುಮಾರು ಮೂವರು ಗರ್ಭಚೀಲ ತೆಗೆಸಿಕೊಂಡಿದ್ದರು. ಮೂರರಲ್ಲಿ ಎರಡು ಆಪರೇಷನ್ ಖಾಸಗಿ ಆಸ್ಪತ್ರೆಗಳಲ್ಲಿ ಆಗಿದ್ದವು. ಹೆಚ್ಚಿನವರು ಹೇಳಿದ ಕಾರಣ ಅತಿಯಾದ ಮುಟ್ಟು ಮತ್ತು ನೋವು. ಬೇಡದ ಆಪರೇಷನ್‌ಗಳನ್ನು ತಡೆಯಲು ಕೇಂದ್ರ ಆರೋಗ್ಯ ಸಚಿವಾಲಯ 2022ರಲ್ಲಿ ಮಾರ್ಗಸೂಚಿ ತಂದಿತು. ಅದನ್ನು ಮೂರು ತಿಂಗಳೊಳಗೆ ಜಾರಿಗೆ ತರಬೇಕು ಎಂದು ಎಲ್ಲ ರಾಜ್ಯಗಳಿಗೆ ಸುಪ್ರೀಂ ಕೋರ್ಟ್ 2023ರ ಏಪ್ರಿಲ್‌ನಲ್ಲಿ ಹೇಳಿತು. ಅಂದರೆ ಆಪರೇಷನ್ ಯಾಕೆ ಬೇಕು ಎಂದು ಕೇಳುವುದು ಉದ್ಧಟತನವಲ್ಲ, ನಿಮ್ಮ ಹಕ್ಕು.

ಆಪರೇಷನ್ ಎಂದೂ ಬೇಡ ಎಂದು ನಾನು ಹೇಳುತ್ತಿಲ್ಲ. ಕ್ಯಾನ್ಸರ್ ಇದ್ದರೆ, ದೊಡ್ಡ ಗಡ್ಡೆಗಳಿದ್ದು ಬೇರೆ ಚಿಕಿತ್ಸೆಗೆ ಬಗ್ಗದಿದ್ದರೆ, ಔಷಧದಿಂದ ರಕ್ತ ನಿಲ್ಲದಿದ್ದರೆ ಅದು ಜೀವ ಉಳಿಸುತ್ತದೆ. ಆದರೆ ಅದು ಕೊನೆಯ ಮೆಟ್ಟಿಲು. ಗರ್ಭಚೀಲದ ಜೊತೆ ಎರಡೂ ಅಂಡಾಶಯ ತೆಗೆದರೆ ಋತುಬಂಧ ಅಂದೇ ಆಗಿಬಿಡುತ್ತದೆ. ಝಳ ಜೋರಾಗುತ್ತದೆ. ಸಣ್ಣ ವಯಸ್ಸಿನಲ್ಲಾದರೆ ಮೂಳೆ ಸವೆತ, ಹೃದಯದ ತೊಂದರೆಯ ಅಪಾಯ ಹೆಚ್ಚುತ್ತದೆ. ಹೊಟ್ಟೆ ಕೊಯ್ದು ಮಾಡಿದ ಆಪರೇಷನ್ ಆದ ಮೇಲೆ ಆರರಿಂದ ಎಂಟು ವಾರ ಭಾರ ಎತ್ತುವಂತಿಲ್ಲ. ಹಾಲಿನ ಕ್ಯಾನು, ಮೇವಿನ ಹೊರೆ, ನೀರಿನ ಕೊಡ ಎಲ್ಲಾ ಅದರಲ್ಲಿ ಬಂತು.

"ಬಿಟ್ಟರೆ ಕ್ಯಾನ್ಸರ್ ಆಗುತ್ತದೆ" ಎಂದು ಯಾರಾದರೂ ಹೆದರಿಸಿದರೆ ಒಂದೇ ಪ್ರಶ್ನೆ ಕೇಳಿ: "ಯಾವ ಪರೀಕ್ಷೆಯಲ್ಲಿ ಹಾಗೆ ಬಂದಿದೆ, ರಿಪೋರ್ಟ್ ಕೊಡಿ." ಯಶಸ್ವಿನಿ ಕಾರ್ಡ್ ಅಥವಾ ಆಯುಷ್ಮಾನ್ ಕಾರ್ಡ್ ಇದೆ, ದುಡ್ಡು ಬೀಳುವುದಿಲ್ಲ ಎಂಬುದು ಆಪರೇಷನ್‌ಗೆ ಕಾರಣವಲ್ಲ. ಕಾರ್ಡ್ ಇರುವುದು ಬೇಕಾದ ಚಿಕಿತ್ಸೆಗೆ.

ಡಾಕ್ಟರು ಕೇಳುವಂತೆ ಹೇಳುವುದು ಹೇಗೆ?

ನೀವು ನನಗೆ ಫೋನ್ ಮಾಡಿದಾಗ ಹೇಗೆ ಹೇಳುತ್ತೀರಿ? "ಮೇಡಂ, ಆಕಳು ನಿನ್ನೆ ಸಂಜೆ ಐದಕ್ಕೆ ಬೆದೆಗೆ ಬಂದೈತ್ರಿ, ಹಿಂದಿನ ಸಲ 21 ದಿನದ ಹಿಂದೆ, ಎರಡು ಸಲ ಸೂಜಿ ಹಾಕಿಸೇವ್ರಿ, ನಿಂತಿಲ್ರಿ." ಇಷ್ಟು ಕೇಳಿದರೆ ಸಾಕು, ಯಾವ ಸಮಯಕ್ಕೆ ಬರಬೇಕು, ಏನು ತರಬೇಕು ಎಂದು ನನಗೆ ಗೊತ್ತಾಗುತ್ತದೆ. ಅದೇ ನೀವು ನಿಮಗಾಗಿ ಆಸ್ಪತ್ರೆಗೆ ಹೋದಾಗ? "ಭಾಳ ತ್ರಾಸ್ ಆಗೈತ್ರಿ, ಮೈ ಸರಿ ಇಲ್ರಿ" ಎನ್ನುತ್ತೀರಿ. ಹೊರಗೆ ಐವತ್ತು ಜನ ಸಾಲಿನಲ್ಲಿರುವಾಗ ಆ ಮಾತಿಗೆ ಸಿಗುವುದು ಶಕ್ತಿಯ ಗುಳಿಗೆ ಮಾತ್ರ.

ಆಕಳಿನ ತಾರೀಖು ಬರೆಯುವ ಕ್ಯಾಲೆಂಡರಿನಲ್ಲೇ ನಿಮ್ಮದನ್ನೂ ಬರೆಯಿರಿ. ಬೇರೆಯವರಿಗೆ ಗೊತ್ತಾಗಬಾರದು ಎಂದರೆ ಗುರುತು ಸಾಕು:

- ಮುಟ್ಟು ಶುರುವಾದ ದಿನಕ್ಕೆ ಒಂದು ಸುತ್ತು, ನಿಂತ ದಿನಕ್ಕೆ ಅಡ್ಡಗೆರೆ.
- ರಕ್ತ ಹೆಚ್ಚು ಹೋದ ದಿನ ಎಷ್ಟು ಬಟ್ಟೆ ಅಥವಾ ಪ್ಯಾಡ್ ಬದಲಿಸಿದಿರಿ, ಆ ಅಂಕಿ.
- ಝಳ ಬಂದ ದಿನ ಒಂದು ಚುಕ್ಕೆ, ನಿದ್ದೆಗೆಟ್ಟ ರಾತ್ರಿ ಎರಡು ಚುಕ್ಕೆ.

ಮೂರು ತಿಂಗಳು ಹೀಗೆ ಬರೆದರೆ ಒಳ್ಳೆಯ ದಾಖಲೆ ಆಯಿತು. ಮೇಲೆ ಹೇಳಿದ ಕಾಯಬಾರದ ಲಕ್ಷಣ ಇದ್ದರೆ ಮಾತ್ರ ಮೂರು ತಿಂಗಳು ಕಾಯದೆ, ಇದ್ದಷ್ಟೇ ನೆನಪಿನೊಂದಿಗೆ ಹೋಗಿ.

ಒಳಗೆ ಹೋದ ಕೂಡಲೇ ಮೊದಲ ಒಂದು ನಿಮಿಷದಲ್ಲಿ ಹೀಗೆ ಹೇಳಿ:

"ಮೇಡಂ ರೀ, ನನಗ ನಲವತ್ತಾರು ವರ್ಷ. ಆರು ತಿಂಗಳಿಂದ ಮುಟ್ಟು ಹಿಂದ ಮುಂದ ಆಗಾಕತ್ತೈತಿ, ಇಲ್ಲಿ ಬರದೇನ್ರಿ. ಹೋದ ಸಲ ಒಂಬತ್ತು ದಿನ ಹೋತು, ದಿನಕ್ಕ ಎಂಟು ಪ್ಯಾಡ್ ಆದುವು, ಗಡ್ಡಿ ಬಿದ್ದುವು. ಮೆಟ್ಟಲ ಹತ್ತಿದ್ರ ದಮ್ಮು ಬರತೈತಿ. ಮನ್ಯಾಗ ದನ ಅದಾವ್ರಿ. ಇದು ಮುಟ್ಟು ನಿಲ್ಲೂ ಕಾಲದ್ದೋ, ಬ್ಯಾರೆ ಏನರ ಐತೋ, ನೋಡ್ರಿ."

ವಯಸ್ಸು, ಎಷ್ಟು ದಿನದಿಂದ, ಎಷ್ಟು ಪ್ರಮಾಣ, ನಿಮ್ಮ ಕೆಲಸಕ್ಕೆ ಏನು ಅಡ್ಡಿಯಾಗಿದೆ, ನೀವು ಕೇಳಬೇಕಾದ ಪ್ರಶ್ನೆ. ಐದೂ ಬಂದವು. ಸಕ್ಕರೆ ಕಾಯಿಲೆ, ಬಿಪಿ, ಥೈರಾಯ್ಡ್ ಗುಳಿಗೆ ತೆಗೆದುಕೊಳ್ಳುತ್ತಿದ್ದರೆ ಆ ಚೀಟಿಗಳನ್ನೂ ಮುಂದಿಡಿ. ತಾಯಿ, ಅಕ್ಕ-ತಂಗಿಯರಿಗೆ ಸ್ತನ ಅಥವಾ ಗರ್ಭಚೀಲದ ಕ್ಯಾನ್ಸರ್ ಆಗಿದ್ದರೆ ಹೇಳಿ.

ಯಾವ ಪರೀಕ್ಷೆಗಳನ್ನು ಕೇಳಬಹುದು?

ಹಿಮೋಗ್ಲೋಬಿನ್, ಥೈರಾಯ್ಡ್, ಸಕ್ಕರೆ, ಬಿಪಿ. ರಕ್ತ ಹೆಚ್ಚು ಹೋಗುತ್ತಿದ್ದರೆ ಹೊಟ್ಟೆಯ ಸ್ಕ್ಯಾನಿಂಗ್. 45 ದಾಟಿದವರಿಗೆ ಅತಿರಕ್ತಸ್ರಾವ ಇದ್ದರೆ ಗರ್ಭಚೀಲದ ಒಳಪದರದ ಚೂರು ತೆಗೆದು ಪರೀಕ್ಷೆ. ಗರ್ಭಕಂಠದ ಕ್ಯಾನ್ಸರ್ ತಪಾಸಣೆ. 30 ದಾಟಿದ ಎಲ್ಲ ಮಹಿಳೆಯರಿಗೂ ಬಾಯಿ, ಸ್ತನ, ಗರ್ಭಕಂಠದ ಕ್ಯಾನ್ಸರ್ ತಪಾಸಣೆ ಮಾಡಬೇಕು ಎಂಬುದು ಸರ್ಕಾರದ ಕಾರ್ಯಕ್ರಮವೇ ಇದೆ. ಆಶಾ ಕಾರ್ಯಕರ್ತೆಯನ್ನು ಕೇಳಿ. 45 ದಾಟಿದವರಿಗೆ ಮುಟ್ಟು ನಿಲ್ಲುವ ಕಾಲ ಎಂದು ತಿಳಿಯಲು ದುಬಾರಿ ಹಾರ್ಮೋನ್ ಪರೀಕ್ಷೆ ಸಾಮಾನ್ಯವಾಗಿ ಬೇಕಾಗುವುದಿಲ್ಲ. ನಿಮ್ಮ ಕ್ಯಾಲೆಂಡರೇ ಅದನ್ನು ಹೇಳುತ್ತದೆ.

ಗರ್ಭಚೀಲ ತೆಗೆಯದೆ ಏನೇನು ಚಿಕಿತ್ಸೆ ಇದೆ?

ರಕ್ತ ಕಡಿಮೆ ಮಾಡಲು ಮುಟ್ಟಿನ ದಿನಗಳಲ್ಲಿ ಮಾತ್ರ ತೆಗೆದುಕೊಳ್ಳುವ ಗುಳಿಗೆಗಳಿವೆ. ಹಾರ್ಮೋನ್ ಗುಳಿಗೆಗಳಿವೆ. ಗರ್ಭಚೀಲದೊಳಗೆ ಇಡುವ ಹಾರ್ಮೋನ್ ವಂಕಿ ಇದೆ. ನೋಡಲು ಕಾಪರ್-ಟಿ ತರಹ ಇದ್ದರೂ ಇದರ ಕೆಲಸ ಬೇರೆ, ವರ್ಷಗಟ್ಟಲೆ ರಕ್ತಸ್ರಾವ ಕಡಿಮೆ ಮಾಡುತ್ತದೆ. ರಕ್ತಹೀನತೆಗೆ ಕಬ್ಬಿಣಾಂಶದ ಗುಳಿಗೆ ಅಥವಾ ಇಂಜೆಕ್ಷನ್. ಝಳ ತಡೆಯಲಾಗದಷ್ಟಿದ್ದರೆ ಹಾರ್ಮೋನ್ ಚಿಕಿತ್ಸೆ ಒಳ್ಳೆಯ ಗುಣ ಕೊಡುತ್ತದೆ. 60 ವರ್ಷದೊಳಗೆ, ಮುಟ್ಟು ನಿಂತು ಹತ್ತು ವರ್ಷ ಆಗುವುದರೊಳಗೆ ಶುರು ಮಾಡಿದರೆ ಹೆಚ್ಚಿನವರಿಗೆ ಲಾಭವೇ ಜಾಸ್ತಿ. ಆದರೆ ಸ್ತನ ಕ್ಯಾನ್ಸರ್ ಆದವರಿಗೆ, ರಕ್ತನಾಳದಲ್ಲಿ ರಕ್ತ ಹೆಪ್ಪುಗಟ್ಟಿದವರಿಗೆ, ಲಿವರ್ ರೋಗ ಇದ್ದವರಿಗೆ ಇದು ಸಲ್ಲದು. ಅಂಥವರಿಗೆ ಹಾರ್ಮೋನ್ ಇಲ್ಲದ ಔಷಧಗಳಿವೆ. ಇವೆಲ್ಲ ಡಾಕ್ಟರು ನೋಡಿ ಬರೆದುಕೊಡಬೇಕಾದವು. ಪಕ್ಕದ ಮನೆಯವರ ಗುಳಿಗೆ ನಿಮಗಲ್ಲ.

ಡಾಕ್ಟರು ಕೇಳಿಸಿಕೊಳ್ಳದಿದ್ದರೆ?

1. ಒಬ್ಬರೇ ಹೋಗಬೇಡಿ. ಆಶಾ ಕಾರ್ಯಕರ್ತೆ, ಅಕ್ಕ, ಬೆಳೆದ ಮಗಳು, ಇಲ್ಲವೇ ಸಂಘದ ಗೆಳತಿಯನ್ನು ಕರೆದುಕೊಂಡು ಹೋಗಿ. ಯಜಮಾನರು ಬಂದರೂ ಮಾತು ನೀವೇ ಆಡಿ.
2. ಗಂಡಸು ಡಾಕ್ಟರು ಇದ್ದರೆ ಪರೀಕ್ಷೆ ಮಾಡುವಾಗ ನರ್ಸ್ ಜೊತೆಗಿರಲಿ ಎಂದು ಕೇಳಿ. ನಾಚಿಕೆಯಿಂದ ಅರ್ಧ ಹೇಳಿ ಬರುವುದಕ್ಕಿಂತ ಇದು ಮೇಲು.
3. "ವಯಸ್ಸಾತು, ಹಂಗ ಆಗತೈತಿ" ಎಂದರೆ ಶಾಂತವಾಗಿ ಕೇಳಿ: "ವಯಸ್ಸಿನದ್ದೇ ಅಂತ ಯಾವ ಪರೀಕ್ಷೆಯಿಂದ ಗೊತ್ತಾಯ್ತು? ಬೇರೆ ಯಾವ ರೋಗ ಇಲ್ಲ ಅಂತ ನೋಡಿದ್ದೀರಾ? ಇದಕ್ಕೆ ಔಷಧ ಏನಿದೆ? ಮತ್ತೆ ಯಾವಾಗ ಬರಲಿ?"
4. ಆಪರೇಷನ್ ಎಂದರೆ: "ಅದಕ್ಕೂ ಮೊದಲು ಬೇರೆ ಯಾವ ಚಿಕಿತ್ಸೆ ಮಾಡಿ ನೋಡಬಹುದು? ಅಂಡಾಶಯ ಉಳಿಸುತ್ತೀರಾ?" ತುರ್ತು ಇಲ್ಲದಿದ್ದರೆ ಅಂದೇ ಸಹಿ ಹಾಕಬೇಡಿ. ಚೀಟಿ, ಸ್ಕ್ಯಾನಿಂಗ್ ರಿಪೋರ್ಟ್ ಕೇಳಿ ಪಡೆದು ಇನ್ನೊಬ್ಬ ಸ್ತ್ರೀರೋಗ ತಜ್ಞರಿಗೆ ತೋರಿಸಿ.
5. ಎಲ್ಲಿಗೆ ಹೋಗಬೇಕು? ಮೊದಲು ನಿಮ್ಮ ಪ್ರಾಥಮಿಕ ಆರೋಗ್ಯ ಕೇಂದ್ರ. ಅಲ್ಲಿಂದ ತಾಲ್ಲೂಕು ಆಸ್ಪತ್ರೆ. ಅದಕ್ಕೂ ಮೇಲೆ ಗದಗಿನ ವೈದ್ಯಕೀಯ ವಿಜ್ಞಾನಗಳ ಸಂಸ್ಥೆಯ ಆಸ್ಪತ್ರೆ. ಆರೋಗ್ಯದ ಸಲಹೆಗೆ 104 ಸಹಾಯವಾಣಿ ಇದೆ.

ಗಜೇಂದ್ರಗಡದ ಕಡೆಯ ಒಂದು ಹಳ್ಳಿಯ ಸದಸ್ಯೆಯೊಬ್ಬರಿಗೆ 44 ವರ್ಷ. ತಿಂಗಳಿಗೆ ಎರಡು ಸಲ ರಕ್ತ ಹೋಗಿ, ಹಾಲಿನ ಸಾಲಿನಲ್ಲಿ ನಿಲ್ಲಲೂ ಆಗುತ್ತಿರಲಿಲ್ಲ. ಒಂದು ಕಡೆ ಮುಂದಿನ ವಾರವೇ ಆಪರೇಷನ್ ಎಂದಿದ್ದರು. ದುಡ್ಡಿಗೆ ಎಮ್ಮೆ ಮಾರುವ ಮಾತು ಮನೆಯಲ್ಲಿ ನಡೆದಿತ್ತು. ಅವರು ನಾಲ್ಕು ತಿಂಗಳ ಲೆಕ್ಕ ಬರೆದ ಕ್ಯಾಲೆಂಡರ್ ಹಿಡಿದು, ಆಶಾ ಕಾರ್ಯಕರ್ತೆಯ ಜೊತೆ ಇನ್ನೊಬ್ಬ ಡಾಕ್ಟರರಲ್ಲಿ ಹೋದರು. ಪರೀಕ್ಷೆಯಲ್ಲಿ ಥೈರಾಯ್ಡ್ ತೊಂದರೆ, ಹಿಮೋಗ್ಲೋಬಿನ್ 7 ಎಂದು ಬಂತು. ಗರ್ಭಚೀಲದಲ್ಲಿ ದೋಷ ಇರಲಿಲ್ಲ. ಗುಳಿಗೆ, ಕಬ್ಬಿಣಾಂಶದ ಇಂಜೆಕ್ಷನ್‌ನಲ್ಲಿ ಸುಧಾರಿಸಿದರು. ಎಮ್ಮೆ ಇನ್ನೂ ಅವರ ಕೊಟ್ಟಿಗೆಯಲ್ಲೇ ಇದೆ. ಎಲ್ಲರಿಗೂ ಇಷ್ಟು ಸರಳವಾಗಿ ಮುಗಿಯುವುದಿಲ್ಲ. ಆದರೆ ಪರೀಕ್ಷೆ ಆಗದೆ ಯಾರಿಗೂ ಗೊತ್ತಾಗುವುದಿಲ್ಲ.

ಮನೆಯಲ್ಲಿ ಮಾಡಬಹುದಾದದ್ದು

ಡೇರಿಗೆ ಹಾಲು ಅಳೆಯುವ ಮೊದಲು ನಿಮ್ಮ ಪಾಲಿನದನ್ನು ಎತ್ತಿಡಿ. ಮುಟ್ಟು ನಿಂತ ಮೇಲೆ ಮೂಳೆ ಬೇಗ ಸವೆಯುತ್ತದೆ. ಆ ವಯಸ್ಸಿನ ಮಹಿಳೆಗೆ ದಿನಕ್ಕೆ 1200 ಮಿಲಿಗ್ರಾಂ ಸುಣ್ಣದಂಶ ಬೇಕು ಎಂದು ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ ಹೇಳುತ್ತದೆ. 200 ಮಿಲಿಲೀಟರಿನ ಒಂದು ಲೋಟ ಹಾಲಿನಲ್ಲಿ ಸುಮಾರು 240 ಮಿಲಿಗ್ರಾಂ ಸಿಗುತ್ತದೆ. ಹಾಲು ಕೊಡುವ ಆಕಳಿಗೆ ಖನಿಜ ಮಿಶ್ರಣ ತಪ್ಪಿಸದ ನೀವು, ಹಾಲೆಲ್ಲ ಡೇರಿಗೆ ಹಾಕಿ ಕರಿ ಚಹಾ ಕುಡಿಯುವುದು ಸರಿಯಲ್ಲ. ಹಾಲು ಕಾಯಿಸಿಯೇ ಕುಡಿಯಿರಿ. ಮೊಸರು, ಮಜ್ಜಿಗೆ, ಎಳ್ಳಿನ ಚಟ್ನಿ, ರಾಗಿ, ಸೊಪ್ಪಿನ ಪಲ್ಯ, ಕಾಳಿನ ಪಲ್ಯ ರೊಟ್ಟಿಯ ಜೊತೆ ಇರಲಿ. ಕಬ್ಬಿಣಾಂಶದ ಗುಳಿಗೆಯನ್ನು ಹಾಲು, ಚಹಾದ ಜೊತೆ ತೆಗೆದುಕೊಳ್ಳಬೇಡಿ, ಮೈಗೆ ಹತ್ತುವುದಿಲ್ಲ. ಲಿಂಬೆ ಶರಬತ್ತಿನ ಜೊತೆ ಒಳ್ಳೆಯದು.

ಝಳ ಇರುವವರು ಹತ್ತಿ ಬಟ್ಟೆ ಉಡಿ. ಸಂಜೆಯ ಮೇಲೆ ಚಹಾ ಬಿಡಿ. ಅತಿ ಖಾರ ಕಡಿಮೆ ಮಾಡಿ. ತಂಬಾಕು, ಕಡ್ಡಿಪುಡಿ ಬಿಡಿ. ತಂಬಾಕು ಮೂಳೆಗೂ ಹೃದಯಕ್ಕೂ ಕೆಟ್ಟದ್ದು.

ಆಸ್ಪತ್ರೆಗೆ ಹೋಗಲು ಪುರಸೊತ್ತಿಲ್ಲ ಎಂಬುದು ನಿಜ. ಎರಡು ಹೊತ್ತಿನ ಹಾಲು ಯಾರು ಹಿಂಡುವರು? ಸಂಘದ ಸಭೆಯಲ್ಲಿ ಒಂದು ಮಾತು ಮಾಡಿಕೊಳ್ಳಿ: ಒಬ್ಬರು ದವಾಖಾನೆಗೆ ಹೋದ ದಿನ ಪಕ್ಕದವರು ಅವರ ದನ ನೋಡಿಕೊಳ್ಳುವುದು. ಬೆಳಗಿನ ಹಾಲು ಹಾಕಿ ಬಸ್ ಹತ್ತಿದರೆ ಸಂಜೆಯ ಹಾಲಿನ ಹೊತ್ತಿಗೆ ಬಹುತೇಕ ತಿರುಗಿ ಬರಬಹುದು. ಸಂಘದ ಕಾರ್ಯದರ್ಶಿಗಳಲ್ಲಿ ನನ್ನ ವಿನಂತಿ: ಮುಂದಿನ ಸಭೆಗೆ ಊರಿನ ಆಶಾ ಕಾರ್ಯಕರ್ತೆ ಅಥವಾ ಆರೋಗ್ಯ ಕೇಂದ್ರದ ಸಿಸ್ಟರನ್ನು ಕರೆಸಿ, ಎಲ್ಲ ಸದಸ್ಯೆಯರ ಹಿಮೋಗ್ಲೋಬಿನ್ ನೋಡಿಸಿ. ಈ ಲೇಖನವನ್ನು ಓದು ಬಾರದವರಿಗೆ ಓದಿ ಹೇಳಿ.

ನೆನಪಿಡಬೇಕಾದ ನಾಲ್ಕು ಮಾತು

- ನಲವತ್ತು ದಾಟಿದ ಮೇಲೆ ಮುಟ್ಟಿನ ತಾರೀಖು ಬರೆದಿಡಿ.
- ವರ್ಷ ನಿಂತ ಮುಟ್ಟು ಮತ್ತೆ ಕಂಡರೆ ಅದೇ ವಾರ ತೋರಿಸಿ.
- ಮನೆಯಲ್ಲಿ ದನ ಇರುವುದನ್ನು ಡಾಕ್ಟರಿಗೆ ಹೇಳಿ.
- ಪರೀಕ್ಷೆ ಇಲ್ಲದೆ, ಇನ್ನೊಬ್ಬ ಡಾಕ್ಟರ ಅಭಿಪ್ರಾಯ ಇಲ್ಲದೆ ಗರ್ಭಚೀಲ ತೆಗೆಸಬೇಡಿ.